ಅಮೆರಿಕಾದಣ್ಣ ಬಂದವ್ರೆ

ಕೋಲಾರದ ಕಡೆಗೆ ಅಮೆರಿಕಾದಣ್ಣ ಬರುವುದು ಎರಡು ಕಾಲದಲ್ಲಿ. ಮಕ್ಕಳಿನ್ನೂ ಅಲ್ಲಿ ಶಾಲೆಗೆ ಹೋಗುತ್ತಿದ್ದರೆ ಜೂನಿನಲ್ಲಿ, ಶ್ರೀನಿವಾಸಪುರದ ಮಂಡಿಗಳಲ್ಲಿ ತೋತಾಪುರಿ ಗುಡ್ಡೆ ಬಿದ್ದಿರುವಾಗ. ಮಕ್ಕಳು ಕಾಲೇಜು ಸೇರಿ ಅಪ್ಪ ಅಮ್ಮನ ಜೊತೆ ಎಲ್ಲಿಗೂ ಹೋಗದಂತಾದ ಮೇಲೆ ಡಿಸೆಂಬರಿನಲ್ಲಿ, ಸೊಗಡಿನ ಅವರೆಕಾಯಿ ಬಿದ್ದಾಗ. ಮಾವಿನ ಕಾಲಕ್ಕೆ ಬರುವವರದು ಆತುರ. ಹದಿನೈದು ದಿನದಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ತಿರುಪತಿ, ಹಲ್ಲಿನ ಡಾಕ್ಟರು ಎಲ್ಲ ಮುಗಿಯಬೇಕು. ಅವರೆ ಕಾಲದವರು ನಿಧಾನಸ್ಥರು. ಅವರಿಗೆ ಮನೆ ಸಾಲ ತೀರಿದೆ, ಸಕ್ಕರೆ ಕಾಯಿಲೆ ಶುರುವಾಗಿದೆ, ಊರಿಗೆ ಏನಾದರೂ ಮಾಡಬೇಕು ಅನ್ನಿಸುವುದೂ ಶುರುವಾಗಿದೆ. ಚಂದಾ ಎತ್ತುವವರಿಗೆ ಈ ವ್ಯತ್ಯಾಸ ಕರತಲಾಮಲಕ. ದೇವಸ್ಥಾನದ ಗೋಪುರದಂಥ ದೊಡ್ಡ ಬಾಬ್ತನ್ನು ಅವರು ಅವರೆಕಾಯಿಗೆಂದೇ ಕಾದಿಡುತ್ತಾರೆ.

ನಾನು ಹೇಳುತ್ತಿರುವ ಅಣ್ಣ ಒಬ್ಬರಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆಯವರನ್ನು ಸೇರಿಸಿ ಒಬ್ಬರನ್ನು ಮಾಡಿಕೊಂಡಿದ್ದೇನೆ. ಓದಿದವರಲ್ಲಿ ಯಾರಾದರೂ ‘ಇದು ನಾನೇ’ ಎಂದರೆ ಅವರ ಹೆಸರನ್ನೂ ಸೇರಿಸಿಕೊಳ್ಳಲು ಅಭ್ಯಂತರವಿಲ್ಲ. ಹೆಸರು ಸೇರಿಸುವುದೆಂದರೆ ಅವರಿಗೂ ಇಷ್ಟವೇ.

ಬೆಳಗಿನ ಜಾವ ದೇವನಹಳ್ಳಿಯಲ್ಲಿ ವಿಮಾನ ಇಳಿದು, ಕಾರು ಹೊಸಕೋಟೆ ದಾಟಿ ನರಸಾಪುರದ ಕಾರ್ಖಾನೆಗಳ ದೀಪ ಕಾಣುವಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿರುತ್ತದೆ. ಮುಟ್ಟಿಸಿದವನು ಡ್ರೈವರು. ಏಳು ಗಂಟೆಗೆ ಅಣ್ಣ ಚಡ್ಡಿ, ಟೀ ಶರ್ಟಿನಲ್ಲಿ ಹೊರಗೆ ಬಂದರೆ ಜಗಲಿಯ ಕೆಳಗೆ ಆಗಲೇ ಚಪ್ಪಲಿಗಳು. ಮೊದಲ ಹಕ್ಕು ದೇವಸ್ಥಾನದ ಕಮಿಟಿಯದು.

‘ಸರಿ, ಒಟ್ಟು ಬಜೆಟ್ ಎಷ್ಟು?’ ಎಂದು ಅಣ್ಣ ಕೇಳುತ್ತಾರೆ.

ಕಮಿಟಿಯ ಹಿರಿಯರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ, ನಮ್ಮ ಸೀಮೆಯ ರಾಜಭಾಷೆಯಲ್ಲಿ ಉತ್ತರಿಸುತ್ತಾರೆ: ‘ಬಡ್ಜೆಟ್ಟೇಮಿ ನಾಯ್ನಾ, ನುವ್ವು ಎಂತ ಇಸ್ತೇ ಅಂತೇ.’ ನೀನು ಎಷ್ಟು ಕೊಟ್ಟರೆ ಅಷ್ಟೇ ಬಜೆಟ್ಟು. ಹಣಕಾಸು ಶಾಸ್ತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಕೇಳಿಲ್ಲ.

ಆಮೇಲೆ ಗಣೇಶನ ಹುಡುಗರು. ಹಬ್ಬಕ್ಕೆ ಇನ್ನೂ ಎರಡೂವರೆ ತಿಂಗಳಿದೆ. ಆದರೆ ರಸೀದಿ ಪುಸ್ತಕ ಅಚ್ಚಾಗಿದೆ. ‘ಹಬ್ಬದಾಗೆ ನೀನಿರಲ್ವಲ್ಲಣ್ಣ, ಅದ್ಕೇ ಈಗ್ಲೇ ಬಂದ್ವಿ.’ ಅಣ್ಣ ಕನ್ನಡಕ ಸರಿಮಾಡಿಕೊಂಡು, ತಾವು ಕೊಡುವುದೇನಿದ್ದರೂ ಸಸ್ಟೈನಬಲ್ ಆಗಿರುವುದಕ್ಕೆ ಮಾತ್ರ ಎನ್ನುತ್ತಾರೆ. ‘ಅಂದ್ರೆ ಏನಣ್ಣ?’ ‘ಅಂದ್ರೆ, ಒಂದು ಸಲ ಮಾಡಿದ್ದು ಬಹಳ ದಿನ ಉಳೀಬೇಕು.’ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ‘ಮೂರನೇ ದಿನಕ್ಕೆ ಕೆರೇಗ್ ಬಿಡ್ತೀವಣ್ಣ. ಬೇಕಾದ್ರೆ ನಿನಗೋಸ್ಕರ ಐದು ದಿನ ಇಟ್ಕೊಂತೀವಿ.’

ಇಷ್ಟು ಲೆಕ್ಕ ಕೇಳುವ ಅಣ್ಣನ ಎದೆಯ ಮೇಲೆ, ಟೀ ಶರ್ಟಿನಲ್ಲಿ, ಯಾವುದೋ ಕಾಯಿಲೆಯ ನಿಧಿಗಾಗಿ ಐದು ಕಿಲೋಮೀಟರ್ ಓಡಿದ ಗುರುತಿದೆ. ಅಲ್ಲಿ ಅಣ್ಣ ಕೊಡುವ ವರಸೆಯೇ ಬೇರೆ. ಅಂಗಡಿಯಲ್ಲಿ ಬಿಲ್ಲು 46 ಡಾಲರ್ 37 ಸೆಂಟು ಆದರೆ ಯಂತ್ರವೇ ಕೇಳುತ್ತದೆ: 47 ಮಾಡಲೇ, ಉಳಿದದ್ದು ಮಕ್ಕಳ ಆಸ್ಪತ್ರೆಗೆ? ಬೆನ್ನ ಹಿಂದೆ ಜನ ಸಾಲುಗಟ್ಟಿ ನಿಂತಿದ್ದಾರೆ. ಅಣ್ಣ ಹೌದು ಎಂದು ಒತ್ತುತ್ತಾರೆ. ಯಾವ ಆಸ್ಪತ್ರೆ, ಎಷ್ಟು ಮಂಚ, ಯುಟಿಲೈಸೇಷನ್ ಸರ್ಟಿಫಿಕೇಟ್ ಎಲ್ಲಿ ಎಂದು ಯಂತ್ರವನ್ನು ಕೇಳಿದ ಅಣ್ಣನನ್ನು ಯಾರೂ ಕಂಡಿಲ್ಲ. ಪಕ್ಕದ ಮನೆಯ ಹುಡುಗಿ ಗರ್ಲ್ ಸ್ಕೌಟ್ ಬಿಸ್ಕತ್ತು ಹಿಡಿದು ಬಂದರೆ, ಮನೆಯಲ್ಲಿ ಯಾರೂ ತಿನ್ನದ ನಾಲ್ಕು ಡಬ್ಬಿ ಕೊಳ್ಳುತ್ತಾರೆ. ಆಫೀಸಿನ ಸಹೋದ್ಯೋಗಿ ಸೈಕಲ್ ತುಳಿಯುತ್ತೇನೆ ಎಂದರೂ ದುಡ್ಡು. ಆತ ತುಳಿಯುವುದಕ್ಕೆ ಈತ ಯಾಕೆ ಕೊಡಬೇಕು ಎಂದು ಶ್ರೀನಿವಾಸಪುರದ ಯಾರಿಗಾದರೂ ಬಿಡಿಸಿ ಹೇಳಿ ನೋಡೋಣ. ಇನ್ನು ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಅಣ್ಣ ಗೋಲ್ಡ್ ಸ್ಪಾನ್ಸರ್. ಕೆಜಿಎಫಿನ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಂದಿನಿಂದ ಜಿಲ್ಲೆಯಲ್ಲಿ ಉಳಿದಿರುವ ಚಿನ್ನವೆಂದರೆ ಇಂಥ ಗೋಲ್ಡ್ ಸ್ಪಾನ್ಸರುಗಳೇ.

ಅಲ್ಲಿ ಯಾರನ್ನೂ ಅನುಮಾನಿಸದ ಅಣ್ಣ ಇಲ್ಲಿ ಎಲ್ಲರನ್ನೂ ಅನುಮಾನಿಸಲು ಕಾರಣ ಸರಳ. ಅಲ್ಲಿನವರು ಅವರಿಗೆ ಗೊತ್ತಿಲ್ಲ. ಇಲ್ಲಿನವರು ಚೆನ್ನಾಗಿ ಗೊತ್ತು. ಕಮಿಟಿಯ ಖಜಾಂಚಿ ಆರನೇ ಕ್ಲಾಸಿನಲ್ಲಿ ಅಣ್ಣನ ಜಾಮಿಟ್ರಿ ಬಾಕ್ಸ್ ಕದ್ದಿದ್ದ.

ಗುಣಾಕಾರ ಭಾಗಾಕಾರದಲ್ಲಿ ಅಣ್ಣ ಕೊಂಚ ಪಕ್ಷಪಾತಿ. ಊರವರು ಕೇಳಿದ ಮೊತ್ತ ಅವರ ಕಿವಿಗೆ ರೂಪಾಯಿಯಲ್ಲಿ ಬೀಳುತ್ತದೆ: ‘ಐವತ್ತು ಸಾವಿರವಾ!’ ತಾವು ಕೊಟ್ಟ ಮೊತ್ತವನ್ನು ಅತ್ತಿಗೆಗೆ ಹೇಳುವಾಗ ಡಾಲರಾಗುತ್ತದೆ: ‘ಐನೂರು ಚಿಲ್ಲರೆ ಕಣೇ, ಅಷ್ಟೇ.’ ಅತ್ತಿಗೆಗೆ ಎರಡೂ ಲೆಕ್ಕ ಬರುತ್ತದೆ. ಆಕೆಯ ತವರು ಮಾಲೂರು. ಗಂಡನ ಊರಿನ ಗೋಪುರಕ್ಕೆ ಎಷ್ಟು ಹೋಯಿತೋ ಅಷ್ಟೇ ಚಿಕ್ಕತಿರುಪತಿಯಲ್ಲಿ ತಮ್ಮ ತಂದೆಯ ಹೆಸರಿನ ಅನ್ನದಾನಕ್ಕೂ ಹೋಗಬೇಕು ಎಂಬುದು ಆಕೆಯ ವಿದೇಶಾಂಗ ನೀತಿ.

ಕೊಡಲು ಮನಸ್ಸು ಮಾಡಿದ ಮೇಲೆ ನಿಜವಾದ ತಾಪತ್ರಯ ಶುರು. ಅಣ್ಣನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದಷ್ಟು ಕಾಲ ಅವರು ದೇವಸ್ಥಾನದ ಟ್ರಸ್ಟಿಗೆ ಬ್ಯಾಂಕಿನ ಮೂಲಕ ಕೊಟ್ಟದ್ದು ಊರ ಮಗ ಕೊಟ್ಟದ್ದು. ಒಂದು ಬೆಳಿಗ್ಗೆ ಅಲ್ಲಿನ ನ್ಯಾಯಾಲಯದಲ್ಲಿ ಕೈಯೆತ್ತಿ ಪ್ರಮಾಣ ಮಾಡಿ ಅಮೆರಿಕದ ಪ್ರಜೆಯಾದರು ನೋಡಿ, ಅಂದಿನಿಂದ ಅದೇ ಕೈ, ಅದೇ ದುಡ್ಡು, ಅದೇ ದೇವರು, ಆದರೆ ಅದು ‘ವಿದೇಶಿ ವಂತಿಗೆ’. 2010ರ ಕಾಯಿದೆಯ ಪ್ರಕಾರ ಅದನ್ನು ಪಡೆಯುವ ಟ್ರಸ್ಟು ಕೇಂದ್ರ ಗೃಹ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. 2020ರ ತಿದ್ದುಪಡಿಯ ಮೇಲೆ, ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬಂದು ಇಳಿಯಬೇಕು. ನಮ್ಮ ಹಿರಿಯರಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮಾರಮ್ಮನ ದುಡ್ಡಿಗೆ ಡೆಲ್ಲೀಲಿ ಏನು ಕೆಲಸ?’

ಅತ್ತ ಅಮೆರಿಕದ ತೆರಿಗೆಯವರ ಕಣ್ಣಿನಲ್ಲಿ ಮಾರಮ್ಮ ನೋಂದಾಯಿತ ಸಂಸ್ಥೆಯಲ್ಲ. ನೇರವಾಗಿ ಆಕೆಗೆ ಕೊಟ್ಟರೆ ಅಲ್ಲಿ ವಿನಾಯಿತಿ ಇಲ್ಲ. ಅಲ್ಲೇ ನೋಂದಾಯಿತವಾದ ಧರ್ಮ ಸಂಸ್ಥೆಗೆ ಕೊಟ್ಟರೆ ತೆರಿಗೆಯೂ ಉಳಿಯುತ್ತದೆ. ಕಂಪನಿಯವರು ಅಷ್ಟೇ ಮೊತ್ತ ತಾವೂ ಸೇರಿಸುವುದುಂಟು. ಹೀಗಾಗಿ ಅಣ್ಣನ ದಾನದ ದೊಡ್ಡ ಪಾಲು, ಅವರು ಎಂದೂ ನೋಡದ ರಾಜ್ಯದ ಯಾವುದೋ ಶಾಲೆಗೆ, ತೆರಿಗೆ ಉಳಿಸಿಕೊಂಡು, ದುಪ್ಪಟ್ಟಾಗಿ ಹೋಗುತ್ತದೆ. ಊರಿಗೆ ಬರುವುದು ತೆರಿಗೆ ಕಟ್ಟಿ ಉಳಿದ ಸಣ್ಣ ಪಾಲು. ಆದರೆ ಅಣ್ಣನಿಗೆ ರಾತ್ರಿ ನಿದ್ದೆಗೆಡಿಸುವುದು ಈ ಸಣ್ಣ ಪಾಲೇ.

ಇದಕ್ಕೆಲ್ಲ ಊರು ಕಂಡುಕೊಂಡ ಪರಿಹಾರದ ಹೆಸರು ‘ತಮ್ಮ’. ಅಣ್ಣ ತಮ್ಮನಿಗೆ ದುಡ್ಡು ಕಳಿಸುವುದನ್ನು ಯಾವ ಕಾಯಿದೆಯೂ ತಡೆಯುವುದಿಲ್ಲ. ಮನೆಯಲ್ಲೇ ಇದ್ದು ಹೊಲ, ಅಮ್ಮನ ಬಿಪಿ ಮಾತ್ರೆ, ಟೊಮೆಟೊ ರೇಟು ನೋಡಿಕೊಳ್ಳುವ ತಮ್ಮ ಆ ದುಡ್ಡಿನಲ್ಲಿ ಶಾಲೆಗೆ ಆರು ಫ್ಯಾನು, ಎರಡು ಬೀರು, ಒಂದು ನೀರಿನ ಫಿಲ್ಟರು ಕೊಡಿಸುತ್ತಾನೆ. ಫಿಲ್ಟರು ಬೇಕಾದದ್ದೇ. ನಮ್ಮ ಬೋರ್‌ವೆಲ್ಲುಗಳ ನೀರಿನ ಫ್ಲೋರೈಡು ಜಿಲ್ಲೆಯ ಹಲ್ಲಿನಲ್ಲೇ ಬರೆದಿದೆ. ತಮ್ಮ ಕೊಡಿಸಿದ್ದಕ್ಕೆ ತಮ್ಮನ ಹೆಸರೇ ದೊಡ್ಡದಾಗಿ ಬರುತ್ತದೆ, ‘ಅಣ್ಣನವರ ಸಹಕಾರದೊಂದಿಗೆ’ ಎಂಬುದು ಕೆಳಗೆ ಸಣ್ಣದಾಗಿ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯ ಕರಪತ್ರದಲ್ಲಿ ಆ ಕೆಳಗಿನ ಸಾಲೂ ಇರುವುದಿಲ್ಲ.

ಫ್ಯಾನಿನ ಸಮಾರಂಭಕ್ಕೆ ನಾನೂ ಹೋಗಿದ್ದೆ. ಒಂದೊಂದು ರೆಕ್ಕೆಯ ಮೇಲೆ ಒಂದೊಂದು ಹೆಸರು. ಅಪ್ಪನದು ಸ್ಮರಣಾರ್ಥ. ಅಮ್ಮ ಗಟ್ಟಿಯಾಗಿದ್ದಾರೆ, ತಮ್ಮ ಹೆಸರು ಬೇಡ ಎಂದುಬಿಟ್ಟರು: ‘ನನ್ನ ಹೆಸರ್ನ ದಿನಾ ಗಿರಗಿರ ತಿರುಗಿಸ್ತೀಯಾ? ತಲೆಸುತ್ತು ಬರ್ತದೆ.’ ಉಳಿದ ಎರಡು ರೆಕ್ಕೆ ಅಣ್ಣತಮ್ಮಂದಿರು ಹಂಚಿಕೊಂಡರು. ಫೋಟೋ ತೆಗೆಯುವ ಹುಡುಗ ಬಂದ. ಫ್ಯಾನು ತಿರುಗುತ್ತಿದ್ದರೆ ಹೆಸರು ಬರುವುದಿಲ್ಲ ಎಂದ. ನಿಲ್ಲಿಸಿದರು. ಮಂತ್ರಿಗಳು ಬರಲಾಗದೆ ಅವರ ಬದಲು ಬಂದವರ ಭಾಷಣ ಮುಗಿಯುವವರೆಗೆ ಅರವತ್ತು ಮಕ್ಕಳು ಹೊಸ ಫ್ಯಾನುಗಳ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

ಆ ಶಾಲೆಯ ಗೋಡೆಗೆ ಕೂರಿಸಿದ ಕಪ್ಪು ಕಲ್ಲಿನ ಬರಹ ನನ್ನದೇ. ಕನ್ನಡದಲ್ಲಿ ಬರೆಯುತ್ತೇನೆ ಎಂಬ ಅಪರಾಧಕ್ಕೆ, ಮುಳಬಾಗಿಲಿನಿಂದ ಮಾಲೂರಿನವರೆಗೆ ದಾನಿಗಳ ಫಲಕ ತಿದ್ದುವ ಶಿಕ್ಷೆ ನನಗೆ ಬಿದ್ದಿದೆ. ಅಣ್ಣನಿಗೆ ತಮ್ಮ ಹೆಸರು ಕೆತ್ತಿಸುವುದರಲ್ಲಿ ಸ್ವಲ್ಪ ಸಂಕೋಚವಿತ್ತು. ‘ಚೀಪ್ ಅನ್ಸುತ್ತಾ?’ ಎಂದು ಕೇಳಿದರು. ಹಾಗೇನಿಲ್ಲ, ಇದು ಈ ಮಣ್ಣಿನಲ್ಲಿ ಸಾವಿರ ವರ್ಷದಿಂದ ನಡೆದುಬಂದದ್ದು ಎಂದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದೇ. ಅದರಲ್ಲಿ ಕೆರೆ ಕಟ್ಟಿಸಿದವರು, ಗದ್ದೆ ಬಿಟ್ಟವರು, ನಂದಾದೀಪಕ್ಕೆ ಎಣ್ಣೆ ಕೊಟ್ಟವರು ಸಾಲುಗಟ್ಟಿ ನಿಂತಿದ್ದಾರೆ. ಮುಳಬಾಗಿಲಿನ ಹತ್ತಿರದ ಆವಣಿಯಲ್ಲಿ ತ್ರಿಭುವನಕರ್ತನೆಂಬ ತಪಸ್ವಿ ನಲವತ್ತು ವರ್ಷ ಆ ಸ್ಥಾನವನ್ನು ಆಳಿ, ಐವತ್ತು ದೇವಾಲಯ, ಎರಡು ದೊಡ್ಡ ಕೆರೆ ಮಾಡಿಸಿದನೆಂದು ಹತ್ತನೇ ಶತಮಾನದ ಕಲ್ಲು ಹೇಳುತ್ತದೆ. ಸನ್ಯಾಸಿಗೇ ಇಲ್ಲದ ಸಂಕೋಚ ಸಾಫ್ಟ್‌ವೇರಿನವರಿಗೆ ಯಾಕೆ?

ಅಣ್ಣನಿಗೆ ಇದು ಬಹಳ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು ಆ ಶಾಸನಗಳ ಕೊನೆಯಲ್ಲಿ ಬರುವ ಶಾಪ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸುವನ್ನು ಕೊಂದ ಪಾಪ ತಗಲುತ್ತದೆ ಎಂಬುದು ಅದರ ಸಾರ. ‘ನಮ್ಮ ಫಿಲ್ಟರಿಗೂ ಒಂದು ಸಾಲು ಹಾಕೋಣವಾ? ಹೋದ ಸಲ ಕೊಟ್ಟ ಡ್ರಮ್ಮಿನ ನಲ್ಲಿ ಯಾರೋ ಬಿಚ್ಕೊಂಡು ಹೋದ್ರಂತೆ.’ ಹೆಡ್‌ಮಾಸ್ಟರು ಒಪ್ಪಲಿಲ್ಲ. ಬಿಚ್ಚಿಕೊಂಡು ಹೋದವನು ಯಾರೆಂದು ಅವರಿಗೆ ಗೊತ್ತಿತ್ತು, ಅವನು ಎಸ್‌ಡಿಎಂಸಿ ಸದಸ್ಯನ ಭಾಮೈದ.

ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರಿಗೆ 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ಲಕ್ಷದ ಆಸುಪಾಸಿನ ನಿಧಿ ಕೊಟ್ಟರು. ಅವರು ಅದನ್ನು ಇದ್ದ ಹಾಗೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಬಿಟ್ಟುಕೊಟ್ಟರು. ಈ ಸಂಗತಿಯನ್ನು ನಾನು ಫಲಕ ತಿದ್ದುವಾಗ ಹೇಳಲಿಲ್ಲ. ಹೇಳಿದರೆ ಫಲಕದಲ್ಲಿ ಡಿವಿಜಿಯವರ ಹೆಸರನ್ನೂ ಹಾಕಿಸಿ ‘ಅವರ ಹಾದಿಯಲ್ಲಿ’ ಎಂದು ಸೇರಿಸುತ್ತಿದ್ದರು.

ಅಣ್ಣನ ಅತಿ ದೊಡ್ಡ ಸಂಕಟ ಕೆರೆಯದು. ಅವರು ಊರು ಬಿಟ್ಟಾಗ ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು, ಬೋರು ಸಾವಿರ ಅಡಿ ಕೊರೆದರೂ ಧೂಳು. ಆ ಒಣ ಕೆರೆಯೇ ಅವರ ಮನಸ್ಸಿನಲ್ಲಿ ಊರಿನ ಚಿತ್ರ. ಅಲ್ಲಿ ಕನ್ನಡ ಕೂಟದಲ್ಲಿ ಬಿರುಕು ಬಿಟ್ಟ ನೆಲದ ಫೋಟೋಗಳನ್ನು ಪರದೆಯ ಮೇಲೆ ತೋರಿಸಿ, ಹೂಳೆತ್ತಲು ನಿಧಿ ಕೂಡಿಸಿದರು. ಕೆಲವರು ಕಣ್ಣೊರೆಸಿಕೊಂಡರಂತೆ. ನಿಧಿ ಹಿಡಿದು ಊರಿಗೆ ಬಂದರೆ ಕೆರೆ ಕೋಡಿ ಬೀಳುವಷ್ಟು ತುಂಬಿದೆ, ಬೆಳ್ಳಕ್ಕಿ ಕೂತಿವೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಕೆ.ಸಿ. ವ್ಯಾಲಿಯ ನೀರು ಕೆರೆಯಿಂದ ಕೆರೆಗೆ ಹರಿದು ಇಲ್ಲಿಗೂ ಮುಟ್ಟಿತ್ತು. ಬೆಂಗಳೂರಿನ ಬಚ್ಚಲ ನೀರನ್ನು ಶುದ್ಧಿ ಮಾಡಿ ಬಿಟ್ಟದ್ದು ಅದು. ಅಣ್ಣನ ಮುಖದಲ್ಲಿ ಅಂದು ಕಂಡದ್ದನ್ನು ಸಂತೋಷ ಎಂದು ಕರೆಯಲು ನನಗೆ ಧೈರ್ಯವಿಲ್ಲ. ‘ಯಾರನ್ನ ಕೇಳಿ ನೀರು ಬಿಟ್ರು?’ ಎಂದರು. ಆಮೇಲೆ ಆ ನೀರನ್ನು ಮೂರನೇ ಹಂತದವರೆಗೆ ಶುದ್ಧಿ ಮಾಡಿಲ್ಲ ಎಂಬ ವಿಷಯ ತಿಳಿದು ಸ್ವಲ್ಪ ಸಮಾಧಾನವಾಯಿತು. ಅದು ನಿಜವಾದ ತಕರಾರೇ, ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಹೇಳುತ್ತಿರುವುದೇ. ಆದರೆ ಅಣ್ಣನಿಗೆ ಅದರಿಂದ ಸಿಕ್ಕಿದ್ದು ಹೊಸದೊಂದು ಸ್ಲೈಡು.

ನಗುವುದು ಸುಲಭ. ಊರಲ್ಲೇ ಉಳಿದ ನಾವು ಶಾಲೆಗೆ ಏನು ಕೊಟ್ಟಿದ್ದೇವೆ ಎಂದು ಕೇಳಿದರೆ ಸಲಹೆ ಕೊಟ್ಟಿದ್ದೇವೆ. ಅದೂ ಪುಕ್ಕಟೆ. ಅಣ್ಣ ತಡಕಾಡಿಕೊಂಡಾದರೂ ಕೊಡುತ್ತಾರೆ. ಯಾಕೆ ಕೊಡುತ್ತಾರೆ ಎಂಬುದು ನನಗೆ ಹೊಳೆದದ್ದು ಅವರ ಅತ್ತೆಯ ಮಗನ ಮದುವೆಯಲ್ಲಿ, ಮುಯ್ಯಿ ಓದಿಸುವ ಮೇಜಿನ ಹತ್ತಿರ. ನಮ್ಮ ಕಡೆ ಮುಯ್ಯಿ ಪುಸ್ತಕ ಎಂದರೆ ಸುಮ್ಮನೆ ಅಲ್ಲ. ಯಾರು ಎಷ್ಟು ಹಾಕಿದರು ಎಂದು ಅದರಲ್ಲಿ ಬರೆದು, ಮನೆಯ ಟ್ರಂಕಿನಲ್ಲಿಟ್ಟು, ಅವರ ಮನೆಯ ಮದುವೆಗೆ ಹೋಗುವಾಗ ತೆಗೆದು ನೋಡುತ್ತಾರೆ. ಆ ಪುಸ್ತಕದಲ್ಲಿ ಹೆಸರಿರುವವರು ನಮ್ಮವರು. ಅಣ್ಣ ಐದು ಸಾವಿರ ಹಾಕಿ, ಬರೆಯುವವನ ಹೆಗಲ ಮೇಲಿಂದ ಬಗ್ಗಿ, ತಮ್ಮ ಹೆಸರಿನ ಜೊತೆ ಅಪ್ಪನ ಹೆಸರು, ಊರಿನ ಹೆಸರು ಬರೆಸಿದರು. ಬರೆಯುವ ಹುಡುಗ ‘ಅಮೆರಿಕಾ ಅಂತ ಹಾಕ್ಲಾ ಸಾರ್?’ ಎಂದ. ‘ಬೇಡ, ಊರೇ ಹಾಕು’ ಎಂದರು.

ರೇಷನ್ ಕಾರ್ಡಿನಿಂದ ಅವರ ಹೆಸರು ಎಂದೋ ಹೋಗಿದೆ. ಬೇರೆ ದೇಶದ ಪ್ರಜೆಯಾದ ದಿನವೇ ಮತದಾರರ ಪಟ್ಟಿಯಲ್ಲಿರುವ ಹಕ್ಕೂ ಹೋಯಿತು. ಪಹಣಿಯಲ್ಲಿ ತಮ್ಮನ ಹೆಸರಿದೆ. ಊರಿನಲ್ಲಿ ಅವರ ಹೆಸರು ಉಳಿದಿರುವುದು ಫ್ಯಾನಿನ ಒಂದು ರೆಕ್ಕೆ, ಬೀರುವಿನ ಬಾಗಿಲು ಮತ್ತು ನನ್ನ ಕಾಗುಣಿತದ ಕಪ್ಪು ಕಲ್ಲಿನ ಮೇಲೆ. ಇದನ್ನು ತಿಳಿದ ಮೇಲೂ ನಾನು ನಗುತ್ತೇನೆ, ಆದರೆ ಫಲಕದಲ್ಲಿ ಅವರ ಇನಿಷಿಯಲ್ ತಪ್ಪದಂತೆ ನೋಡಿಕೊಳ್ಳುತ್ತೇನೆ.

ಇವರ ಪಕ್ಕದಲ್ಲಿ ದುಬೈಗೆ, ಸೌದಿಗೆ ಹೋದ ಕೋಲಾರ ಪೇಟೆಯ ಎಲೆಕ್ಟ್ರಿಷಿಯನ್ನು, ಡ್ರೈವರುಗಳನ್ನು ಇಟ್ಟು ನೋಡಿದರೆ ಚಿತ್ರವೇ ಬೇರೆ. ಅವರಿಗೆ ಆ ದೇಶದ ಪಾಸ್‌ಪೋರ್ಟ್ ಸಿಗುವುದಿಲ್ಲ, ಮರಳಿ ಬರಲೇಬೇಕು. ಆದ್ದರಿಂದ ಹೆಸರು ಕಾಯುವ ಗಾಬರಿ ಇಲ್ಲ. ರಂಜಾನಿನಲ್ಲಿ ಜಕಾತ್ ಲೆಕ್ಕ ನೂರಕ್ಕೆ ಎರಡೂವರೆ. ಯಾರಿಗೆ ಕೊಡಬೇಕೆಂದು ಮನೆಯಲ್ಲಿರುವ ಹೆಂಡತಿಗೆ ಫೋನಿನಲ್ಲಿ ಹೇಳಿದರೆ ಮುಗಿಯಿತು. ಇಂಪ್ಯಾಕ್ಟಿನ ಮಾತಿಲ್ಲ. ನನ್ನಂಥ ಫಲಕ ತಿದ್ದುವವರಿಗೆ ಅವರಿಂದ ಕವಡೆಯಷ್ಟೂ ಕೆಲಸವಿಲ್ಲ.

ಅಣ್ಣನನ್ನು ಒಮ್ಮೆ ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋದೆ. ಅಲ್ಲಿ ಚೇಳಮ್ಮನ ಸನ್ನಿಧಿಯಲ್ಲಿ ನೆಲದೊಳಗೇ ಕೊರೆದ ಹುಂಡಿಯಿದೆ. ತಲೆತಲಾಂತರದಿಂದ ಜನ ಹಾಕುತ್ತಲೇ ಇದ್ದಾರೆ. ಅದನ್ನು ಯಾರೂ ತೆರೆದಿಲ್ಲ ಎಂಬುದು ಊರಿನ ನಂಬಿಕೆ. ಅಣ್ಣನಿಗೆ ಬೆವರು ಬಂತು. ‘ಆಡಿಟ್ಟೇ ಇಲ್ವಾ?’ ‘ಇಲ್ಲ.’ ‘ಹಾಗಾದ್ರೆ ಎಷ್ಟಿದೆ ಅಂತ?’ ‘ಚೇಳಮ್ಮನಿಗೆ ಗೊತ್ತು.’ ನೂರರ ನೋಟು ತೆಗೆದರು, ಯೋಚಿಸಿ ಒಳಗಿಟ್ಟು ಹತ್ತು ರೂಪಾಯಿಯ ನಾಣ್ಯ ಹಾಕಿದರು. ಅವರಮ್ಮ ಹಿಂದಿನಿಂದ ಬಂದು ಸೆರಗಿನ ಗಂಟು ಬಿಚ್ಚಿ, ಎಣಿಸದೆ ಇದ್ದಷ್ಟೂ ಸುರಿದರು. ಅದು ಅಣ್ಣನೇ ತಿಂಗಳು ತಿಂಗಳೂ ಔಷಧಿಗೆಂದು ಕಳಿಸುವ ದುಡ್ಡು. ಮನೆಗೆ ಬಂದು ಅಣ್ಣ ಲೆಕ್ಕ ಕೇಳಿದರು. ತಿಂಗಳಿಗೆ ಇಷ್ಟು ಕಳಿಸುತ್ತೇನೆ, ಮಾತ್ರೆಗೆ ಇಷ್ಟಾಗುತ್ತದೆ, ಉಳಿದದ್ದು ಎಲ್ಲಿ? ಕೆಲಸದವಳ ಮಗಳ ಪಿಯುಸಿ ಫೀಸು, ಎದುರು ಮನೆಯವನ ಕಣ್ಣಿನ ಆಪರೇಷನ್ನು, ಇನ್ನೂ ಏನೇನೋ. ‘ಎಲ್ಲ ಜ್ಞಾಪಕ ಇರ್ತದೇನೋ? ಖರ್ಚಾಯ್ತು.’ ಅಣ್ಣ ಸ್ಪ್ರೆಡ್‌ಶೀಟಿನಲ್ಲಿ ‘ಅಮ್ಮ, ಇತರೆ’ ಎಂದು ಒಂದು ಕಾಲಂ ಮಾಡಿಕೊಂಡರು.

ಅಣ್ಣ ವಾಪಸ್ಸು ಹೋಗಿ ನಾಲ್ಕು ತಿಂಗಳಿಗೆ ಶಾಲೆಯ ಒಂದು ಫ್ಯಾನು ನಿಂತಿತು. ದಾನಿಗಳು ಫ್ಯಾನು ಕೊಡುತ್ತಾರೆ. ಕಂಡೆನ್ಸರಿಗೆ ದಾನಿ ಎಂಬವರು ಲೋಕದಲ್ಲಿ ಇಲ್ಲ, ಅದರ ಮೇಲೆ ಹೆಸರು ಬರೆಯಲು ಜಾಗ ಸಾಲದು. ಹೆಡ್‌ಮಾಸ್ಟರು ಫೋನು ಮಾಡಿದಾಗ ಅಲ್ಲಿ ರಾತ್ರಿ.

‘ಎಷ್ಟಾಗುತ್ತೆ?’

‘ಎಂಬತ್ತು ರೂಪಾಯಿ ಸಾರ್. ಆದ್ರೆ ಒಂದು, ಫ್ಯಾನು ನಿಂತಿರೋದ್ರಿಂದ ತಮ್ಮ ಹೆಸರು ತುಂಬ ಚೆನ್ನಾಗಿ ಕಾಣ್ತದೆ.’

ಅಣ್ಣ ಪದ್ಧತಿ ಬಿಡುವವರಲ್ಲ. ಮೂರು ಅಂಗಡಿಯಿಂದ ಕೊಟೇಷನ್ ತರಿಸಿ, ಸ್ಕ್ಯಾನ್ ಮಾಡಿ ಕಳಿಸಿ ಎಂದರು. ವಾರದ ಮೇಲೆ ಹೆಡ್‌ಮಾಸ್ಟರ ವಾಟ್ಸಾಪ್ ಹೋಯಿತು: ಶ್ರೀನಿವಾಸಪುರದಲ್ಲಿ 80, ಮುಳಬಾಗಿಲಿನಲ್ಲಿ 85, ಕೋಲಾರದಲ್ಲಿ 75. ಕೆಳಗೆ ನಾಲ್ಕನೆಯ ಚೀಟಿಯೂ ಇತ್ತು, ಮೂರೂ ಊರು ಸುತ್ತಿದ ಬಸ್ಸಿನ ಟಿಕೆಟ್ಟುಗಳು, ಒಟ್ಟು 140. ‘ಇದನ್ನ ಯಾವ ಹೆಡ್ಡಲ್ಲಿ ತೋರಿಸಲಿ ಸಾರ್? ಮುಂದಿನ ಸಲ ನಮ್ಮ ಮೇಡಮ್ಮೋರ್ನ ಕಳಿಸ್ತೀನಿ. ಅವ್ರಿಗೆ ಬಸ್ಸು ಫ್ರೀ.’